ಚರ್ಮ ಹದಗಾರನ ಚೀಟಿ

ಬುಧವಾರ ಬೆಳಗ್ಗೆ ಎಂಟೂ ಐವತ್ತಕ್ಕೆ ವಸಂತಲಕ್ಷ್ಮಿಯವರ ಕಾರು ಅಮೆರಿಕದ ಸಿಯಾಟಲ್ ಪಕ್ಕದ ಬಾಥೆಲ್‌ನ ಪ್ರಾಥಮಿಕ ಶಾಲೆಯೊಂದರ ಮುಂದಿನ ಸಾಲಿನಲ್ಲಿ ಹದಿನಾಲ್ಕನೆಯದಾಗಿ ನಿಂತಿತ್ತು. ಫೋನಿನಲ್ಲಿ ಆಫೀಸಿನ ಮೀಟಿಂಗು ನಡೆಯುತ್ತಿತ್ತು. ಇವರ ಕಡೆಯ ಮೈಕು ಮುಚ್ಚಿತ್ತು. ಹಿಂದಿನ ಸೀಟಿನಿಂದ ಹತ್ತು ವರ್ಷದ ಮಗಳು ಮೈತ್ರಿ ನಾಲ್ಕು ಮಡಿಕೆ ಮಾಡಿದ ಚೀಟಿಯೊಂದನ್ನು ಮುಂದಕ್ಕೆ ಚಾಚಿದಳು. ಅಮ್ಮನ ಸಹಿ ಬೇಕಿತ್ತು. ಕಾರು ಹತ್ತನೆಯದಾಗುವ ಹೊತ್ತಿಗೆ ವಸಂತಲಕ್ಷ್ಮಿ ಚೀಟಿ ಬಿಡಿಸಿದರು. ಒಂಬತ್ತನೆಯದಾಗಬೇಕಾದಾಗ ಕಾರು ಚಲಿಸಲಿಲ್ಲ. ಹಿಂದಿನವರು ಹಾರ್ನ್ ಮಾಡಿದರು. ಬಾಥೆಲ್‌ನಲ್ಲಿ ಶಾಲೆಯ ಮುಂದೆ ಯಾರೂ ಹಾರ್ನ್ ಮಾಡುವುದಿಲ್ಲ.

ಚೀಟಿಯಲ್ಲಿ ಇದ್ದದ್ದು ಇಷ್ಟು. ಹೆಸರು: ಮೈತ್ರಿ. ಊರು: ಕನೆಕ್ಟಿಕಟ್. ವರ್ಷ: 1752. ವಯಸ್ಸು: ಹತ್ತು. ಕೆಲಸ: ಚರ್ಮ ಹದ ಮಾಡುವವನ ಬಳಿ ಏಳು ವರ್ಷದ ಕರಾರಿನ ಮೇಲೆ ಕೆಲಸ ಕಲಿಯುವ ಮಗು.

ಐದನೇ ತರಗತಿಯವರು ಆ ತಿಂಗಳು ಓದುತ್ತಿದ್ದದ್ದು ಅಮೆರಿಕ ಇನ್ನೂ ಇಂಗ್ಲೆಂಡಿನ ವಸಾಹತಾಗಿದ್ದ ಕಾಲದ ಮಕ್ಕಳ ಬದುಕು. ಪಾಠದ ಕೊನೆಗೆ ಒಂದು ಪ್ರದರ್ಶನ ಇರುತ್ತದೆ. ಇಪ್ಪತ್ನಾಲ್ಕು ಮಕ್ಕಳು ಟೋಪಿಯೊಳಗಿಂದ ಚೀಟಿ ಎತ್ತಿ, ಅದರಲ್ಲಿ ಬಂದ ಮಗುವಾಗಿ ಒಂದು ಬೆಳಗು ಕಳೆಯಬೇಕು: ಬೆಣ್ಣೆ ಕಡೆಯುವವಳು, ಮುದ್ರಣದ ಮನೆಯ ಹುಡುಗ, ಮೇಣದ ಬತ್ತಿ ಅದ್ದುವವಳು, ಶಾಲಾ ಮಾಸ್ತರನ ಮಗಳು, ಗವರ್ನರನ ಮಗ. ಒಂದೊಂದು ಕೆಲಸಕ್ಕೆ ಒಂದೊಂದು ಮೇಜು. ತಂದೆತಾಯಿ ಬಂದು ನೋಡುತ್ತಾರೆ, ಶಾಲೆಯವರು ಪ್ರತಿ ಮೇಜಿನ ಫೋಟೋ ತೆಗೆದು ತರಗತಿಯ ಪುಟದಲ್ಲಿ ಹಾಕುತ್ತಾರೆ. ಆ ಪುಟದ ಕೊಂಡಿ ಮೈಸೂರಿನ ಸರಸ್ವತಿಪುರಂನಲ್ಲಿರುವ ಮೈತ್ರಿಯ ಅಜ್ಜಿಯ ಬಳಿ ಇದೆ. ಅಜ್ಜಿ ಒಳ್ಳೆಯ ಫೋಟೋಗಳನ್ನು ಪ್ರಿಂಟ್ ಹಾಕಿಸಿ ದೇವರ ಕೋಣೆಯ ಹೊರಗೋಡೆಗೆ ಅಂಟಿಸುತ್ತಾರೆ.

ವಸಂತಲಕ್ಷ್ಮಿಗೆ ಬೇಕಾಗಿದ್ದದ್ದು ಒಂದೇ. ಆ ಫೋಟೋದಲ್ಲಿ ಮೈತ್ರಿಯ ಕೈಯಲ್ಲಿ ಚರ್ಮ ಇರಬಾರದು.

ಅವರಿಗೆ ನಲವತ್ತೆರಡು ವರ್ಷ. ಡೌನ್‌ಟೌನ್ ಬೆಲ್‌ವ್ಯೂನ ಎತ್ತರದ ಕಟ್ಟಡವೊಂದರ ಹತ್ತೊಂಬತ್ತನೇ ಮಹಡಿಯಲ್ಲಿ ಪ್ರೋಗ್ರಾಂ ಮ್ಯಾನೇಜರ್. ಅವರ ಕೆಲಸವನ್ನು ಕನ್ನಡದಲ್ಲಿ ಹೇಳುವುದಾದರೆ, ಇತರರು ಮಾಡುವ ಕೆಲಸಕ್ಕೆ ಅಡ್ಡಿ ಬಂದಾಗ ಆ ಅಡ್ಡಿಯ ಮೇಲಧಿಕಾರಿ ಯಾರು ಎಂದು ಹುಡುಕಿ ಅವರಿಗೆ ಇಮೇಲ್ ಬರೆಯುವುದು. ಹದಿನೇಳು ವರ್ಷದಿಂದ ಇದನ್ನು ಚೆನ್ನಾಗಿ ಮಾಡಿಕೊಂಡು ಬಂದಿದ್ದಾರೆ. ಗಂಡ ಗಣಪತಿ ಅದೇ ಊರಿನ ಇನ್ನೊಂದು ಕಟ್ಟಡದಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಾರೆ, ವರ್ಷಕ್ಕೊಮ್ಮೆ ಝೂಮ್‌ನಲ್ಲಿ ಮೈಸೂರಿನ ಪುರೋಹಿತರು ಹೇಳಿಕೊಟ್ಟಂತೆ ಜನಿವಾರ ಬದಲಾಯಿಸುತ್ತಾರೆ. ಮನೆಯ ಹಾಲಿನಲ್ಲಿ ಎಂಟು ಜನ ಕೂರುವ ಇಟಲಿಯ ಚರ್ಮದ ಸೋಫಾ ಇದೆ. ಮೂರು ತಿಂಗಳಿಗೊಮ್ಮೆ ಗಣಪತಿ ಭಾನುವಾರ ಮಧ್ಯಾಹ್ನ ಕುಳಿತು ಅದಕ್ಕೆ ಕ್ರೀಮ್ ತಿಕ್ಕುತ್ತಾರೆ. ಚರ್ಮ ಒಣಗಬಾರದು ಎಂದು ಅಂಗಡಿಯವರು ಹೇಳಿದ್ದಾರೆ.

ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿದಾಗ ವಸಂತಲಕ್ಷ್ಮಿ ಆ ಸುದ್ದಿಯನ್ನು ನಾಲ್ಕು ವಾಟ್ಸಪ್ ಗುಂಪುಗಳಿಗೆ ಕಳಿಸಿ, ಈಗಿನ ಕಾಲದಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ ಎಂದು ಕೇಳಿದ್ದರು. ಅರವತ್ತೊಂದು ಜನ ಹೆಬ್ಬೆರಳು ಎತ್ತಿದ್ದರು. ಬಾಥೆಲ್ ಸಿಯಾಟಲ್‌ನ ಗಡಿಯಿಂದ ಹೊರಗಿದೆ.

ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಮೊದಲ ಇಮೇಲ್ ಹೋಯಿತು. ತಮ್ಮದು ಸಂಪೂರ್ಣ ಸಸ್ಯಾಹಾರಿ ಕುಟುಂಬ, ಮಗಳಿಗೆ ಪ್ರಾಣಿಜನ್ಯ ವಸ್ತು ಮುಟ್ಟಲು ಮುಜುಗರವಾಗಬಹುದು ಎಂದು ಅದರಲ್ಲಿತ್ತು. ಇಪ್ಪತ್ತಾರು ವರ್ಷದಿಂದ ಐದನೇ ತರಗತಿಗೆ ಪಾಠ ಹೇಳುತ್ತಿರುವ ಮಿಸ್ ಹಾಲ್‌ಬ್ರೂಕ್ ಒಂದು ಗಂಟೆಯೊಳಗೆ ಉತ್ತರಿಸಿದರು. ಹೇಳಿದ್ದಕ್ಕೆ ಬಹಳ ಸಂತೋಷ, ಈ ವರ್ಷ ಚರ್ಮದ ಬದಲು ಕಂದು ಬಣ್ಣದ ಫೆಲ್ಟ್ ಬಟ್ಟೆ ಬಳಸೋಣ.

ಗುರುವಾರದ ಇಮೇಲ್ ಇತಿಹಾಸದ ನಿಖರತೆಯ ಬಗ್ಗೆ ಇತ್ತು. ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು ಇಂಥ ಕೆಲಸಕ್ಕೆ ಸೇರಿಸುತ್ತಿದ್ದದ್ದು ತೀರಾ ಅಪರೂಪ ಎಂದು ಎರಡು ಲೇಖನಗಳ ಕೊಂಡಿ ಸಮೇತ ವಸಂತಲಕ್ಷ್ಮಿ ತಿಳಿಸಿದರು. ಮಿಸ್ ಹಾಲ್‌ಬ್ರೂಕ್ ಅದನ್ನು ಒಪ್ಪಿದರು, ಆದರೆ ತಮ್ಮ ತರಗತಿಯಲ್ಲಿ ಯಾವ ಹೆಣ್ಣುಮಗುವಿಗೂ ಯಾವ ಕೆಲಸವೂ ಮುಚ್ಚಿಲ್ಲ ಎಂದರು. ಸಂಜೆಯ ಇಮೇಲ್ ಮೈತ್ರಿಯ ನಾಯಕತ್ವದ ಗುಣಗಳ ಬಗ್ಗೆ ಇತ್ತು. ಮಾತು ಹೆಚ್ಚಿರುವ ಪಾತ್ರವಾದರೆ ಅವಳ ಬೆಳವಣಿಗೆಗೆ ಒಳ್ಳೆಯದು. ಉತ್ತರ: ಹದಗಾರನ ಮಗುವಿಗೆ ಹನ್ನೊಂದು ಸಾಲು ಮಾತಿದೆ, ಗವರ್ನರನ ಮಗನಿಗೆ ಮೂರೇ. ಶುಕ್ರವಾರ ವಾಸನೆಯ ಅಲರ್ಜಿ ಬಂತು. ಫೆಲ್ಟ್ ಬಟ್ಟೆಗೆ ವಾಸನೆ ಇಲ್ಲ ಎಂದು ಮಿಸ್ ಹಾಲ್‌ಬ್ರೂಕ್ ಬರೆದು, ಇದರಲ್ಲಿ ಸಂಸ್ಕೃತಿಗೆ ಸಂಬಂಧಿಸಿದ ಸಂಗತಿ ಏನಾದರೂ ಇದ್ದರೆ ದಯವಿಟ್ಟು ತರಗತಿಗೆ ಬಂದು ಮಕ್ಕಳಿಗೆ ಹೇಳಿ, ಅವರಿಗೆ ತುಂಬಾ ಆಸಕ್ತಿ ಇರುತ್ತದೆ ಎಂದು ಸೇರಿಸಿದರು.

ವಸಂತಲಕ್ಷ್ಮಿ ಆ ಸಾಲನ್ನು ಎರಡು ಸಲ ಓದಿದರು. ಸಂಸ್ಕೃತಿಗೆ ಸಂಬಂಧಿಸಿದ ಸಂಗತಿ ಏನೂ ಇಲ್ಲ ಎಂದು ಬರೆದರು. ಅದರ ಜೊತೆಗೆ, ಒಳಗಿದ್ದುಕೊಂಡೇ ಏನಾದರೂ ಮಾಡಬಹುದೆಂಬ ಆಸೆಯಿಂದ, ಪ್ರದರ್ಶನದ ದಿನ ಯಾವ ಮೇಜಿಗಾದರೂ ಸಹಾಯಕ್ಕೆ ಬರುತ್ತೇನೆ ಎಂದೂ ಬರೆದರು. ಆಮೇಲೆ ಅವರು ಬಹಳ ಪಶ್ಚಾತ್ತಾಪ ಪಟ್ಟ ಸಾಲು ಅದು.

ಈ ನಡುವೆ ಮೈತ್ರಿಗೆ ಚೀಟಿ ತುಂಬಾ ಹಿಡಿಸಿತ್ತು. ತೊಗಲಿನ ಕೂದಲು ಉದುರಲು ಸುಣ್ಣದ ಗುಂಡಿಯಲ್ಲಿ ನೆನೆಸುತ್ತಿದ್ದರು, ಮೆತ್ತಗಾಗಲು ನಾಯಿಯ ಹೇಲನ್ನು ನೀರಿನಲ್ಲಿ ಕದಡಿ ಅದರಲ್ಲಿ ಮುಳುಗಿಸುತ್ತಿದ್ದರು, ಆಮೇಲೆ ಓಕ್ ಮರದ ತೊಗಟೆಯ ರಸದಲ್ಲಿ ಒಂದು ವರ್ಷ ಬಿಡುತ್ತಿದ್ದರು ಎಂದು ಅವಳು ಗುರುವಾರ ರಾತ್ರಿಯ ಊಟದ ಹೊತ್ತಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ಹತ್ತು ವರ್ಷದವರಿಗೆ ಇದಕ್ಕಿಂತ ಒಳ್ಳೆಯ ಪಾತ್ರ ಸಿಗುವುದಿಲ್ಲ. ಊಟದ ಹೊತ್ತಿನಲ್ಲಿ ಇಂಥ ಮಾತು ಬೇಡವೆಂದು ವಸಂತಲಕ್ಷ್ಮಿ ಹೇಳಿದರು. ಚರ್ಮ ಅಂದರೆ ಯಾಕೆ ಬೇಡ ಎಂದು ಅವಳು ಕೇಳಿದಳು. ವಸಂತಲಕ್ಷ್ಮಿ ಅವಳ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದರು.

“ಬಟ್ ಅಮ್ಮಾ, ನಮ್ ಕೌಚ್ ಲೆದರ್ ಅಲ್ವಾ?” ಎಂದಳು ಮೈತ್ರಿ. ಅಪರೂಪಕ್ಕೆ ಕನ್ನಡ ಬಂದಿತ್ತು.

“ಅದು ಅಂಗಡೀಲಿ ತಗೊಂಡಿದ್ದು,” ಎಂದರು ವಸಂತಲಕ್ಷ್ಮಿ.

ಗಣಪತಿ ತಟ್ಟೆಯಿಂದ ತಲೆ ಎತ್ತಲಿಲ್ಲ. “ಒಂದಿನದ್ ಡ್ರೆಸ್ ಅಷ್ಟೇ ಕಣೆ. ಬಂದ್ಮೇಲೆ ತಲೆಗ್ ಸ್ನಾನ ಮಾಡಿಸಿದ್ರಾಯ್ತು ಬಿಡು,” ಎಂದರು. ತಮಾಷೆಗೆ ಹೇಳಿದ್ದೆಂದು ಅವರು ಆಮೇಲೆ ಸ್ಪಷ್ಟಪಡಿಸಿದ್ದಾರೆ.

ಮಿಸ್ ಹಾಲ್‌ಬ್ರೂಕ್ ಮಕ್ಕಳಿಗೆ ಇನ್ನೊಂದು ಮನೆಕೆಲಸ ಕೊಟ್ಟಿದ್ದರು: ನಿಮ್ಮ ಪಾತ್ರದ ಮಗುವಿನ ವಾರವನ್ನೂ ನಿಮ್ಮ ವಾರವನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಕನೆಕ್ಟಿಕಟ್‌ನ ಮಗು ಬೆಳಕು ಹರಿಯುವಾಗ ಎದ್ದು, ತೊಗಟೆ ಅರೆಯುವ ಗಾಣದ ಕುದುರೆಯನ್ನು ಸುತ್ತ ನಡೆಸಿ, ಕತ್ತಲಾದಾಗ ಗಂಜಿ ಕುಡಿದು ಮಲಗುತ್ತಿತ್ತು. ಓದು ಚಳಿಗಾಲದಲ್ಲಿ ಮಾತ್ರ. ಮೈತ್ರಿಯ ಕಡೆಯಲ್ಲಿ ಸೋಮವಾರ ಗಣಿತದ ಕ್ಲಾಸು, ಮಂಗಳವಾರ ಭರತನಾಟ್ಯ, ಬುಧವಾರ ರೋಬಾಟ್, ಗುರುವಾರ ಈಜು, ಶುಕ್ರವಾರ ಪಿಟೀಲು, ಶನಿವಾರ ಕನ್ನಡ ಕ್ಲಾಸು ಮತ್ತು ಚೆಸ್, ಭಾನುವಾರ ದೇವಸ್ಥಾನದಲ್ಲಿ ಶ್ಲೋಕ, ಆಮೇಲೆ ಮತ್ತೆ ಗಣಿತ. ಇದೆಲ್ಲವೂ ವಸಂತಲಕ್ಷ್ಮಿಯವರ ಸ್ಪ್ರೆಡ್‌ಶೀಟಿನಲ್ಲಿ ಬಣ್ಣ ಹಚ್ಚಿ ಇದ್ದದ್ದರಿಂದ ನಕಲು ಮಾಡುವುದು ಸುಲಭವಾಯಿತು. ಒಂದೇ ಕಡೆ ಎರಡು ಸಾಲುಗಳು ಹೊಂದಲಿಲ್ಲ. ಹದಗಾರನ ಮಗುವಿಗೆ ಭಾನುವಾರ ರಜೆ ಇತ್ತು.

ಶಾಲೆಯ ನಿಯಮದಲ್ಲಿ ಒಂದು ದಾರಿ ಉಳಿದಿತ್ತು. ಇಬ್ಬರು ಮಕ್ಕಳೂ ಎರಡೂ ಮನೆಯವರೂ ಒಪ್ಪಿದರೆ ಸೋಮವಾರದೊಳಗೆ ಚೀಟಿ ಬದಲಾಯಿಸಿಕೊಳ್ಳಬಹುದು. ಶುಕ್ರವಾರ ಸಂಜೆ ವಸಂತಲಕ್ಷ್ಮಿ ಇಪ್ಪತ್ನಾಲ್ಕು ಹೆಸರಿನ ಪಟ್ಟಿ ತೆರೆದು ಕುಳಿತರು. ಬಿಳಿಯರ ಮಕ್ಕಳನ್ನು ಮೊದಲು ಬಿಟ್ಟರು. ಅವರು ಕಾರಣ ಕೇಳುತ್ತಾರೆ. ಪರಿಚಯದ ಶ್ರೀವಿದ್ಯಾರ ಮಗನಿಗೆ ಮುದ್ರಣದ ಮನೆ ಬಂದಿತ್ತು, ಆದರೆ ಶ್ರೀವಿದ್ಯಾ ಮೈಸೂರಿನವರು. ಅವರು ಕಾರಣ ಕೇಳದೆಯೇ ತಿಳಿದುಕೊಳ್ಳುತ್ತಾರೆ, ಅದು ಇನ್ನೂ ಕಷ್ಟ. ತೆಲುಗಿನವರು, ತಮಿಳರು ಹೀಗೆಯೇ ಒಬ್ಬೊಬ್ಬರಾಗಿ ಹೋದರು. ಕೊನೆಗೆ ಬೆರಳು ನಿಂತದ್ದು ಅನುಷಾ ಎಂಬ ಹುಡುಗಿಯ ಮೇಲೆ. ಅವಳಿಗೆ ಬಂದಿದ್ದದ್ದು ಶಾಲಾ ಮಾಸ್ತರನ ಮಗಳ ಚೀಟಿ.

ಬೆರಳು ಅಲ್ಲೇ ಯಾಕೆ ನಿಂತಿತು ಎಂದು ಕೇಳಿದರೆ ವಸಂತಲಕ್ಷ್ಮಿ ಅನುಷಾ ತುಂಬಾ ಒಳ್ಳೆಯ ಹುಡುಗಿ ಎನ್ನುತ್ತಾರೆ. ಅನುಷಾಳ ತಂದೆ ಚನ್ನವೀರ ಗದಗಿನ ಕಡೆಯವರು. ಸಿಯಾಟಲ್‌ನ ಆಚೆಯ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಎಂಜಿನಿಯರ್. ತಾಯಿ ಸ್ವಪ್ನಾ ಬಾಥೆಲ್‌ನ ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದಾರೆ. ಎರಡು ವರ್ಷದ ಹಿಂದೆ ಯುಗಾದಿಯ ಊಟದಲ್ಲಿ ವಸಂತಲಕ್ಷ್ಮಿ ಚನ್ನವೀರರನ್ನು ಊರು ಯಾವುದು, ಅಡ್ಡಹೆಸರು ಏನು, ಮನೆದೇವರು ಯಾರು ಎಂದು ಈ ಕ್ರಮದಲ್ಲಿಯೇ ಕೇಳಿದ್ದರು. ಊರು ಹೇಳಿದ ಚನ್ನವೀರ ಅಡ್ಡಹೆಸರು ಪಾಸ್‌ಪೋರ್ಟಿನಲ್ಲಿ ಇಲ್ಲ ಎಂದಿದ್ದರು. ಮನೆದೇವರ ಪ್ರಶ್ನೆಗೆ, “ಟಾರ್ಕ್ ರೆಂಚ್ ರೀ, ಬೋಲ್ಟ್ ಬಿಗಿ ಮಾಡೂ ಪಾನಾ. ದಿನಾ ಕೈ ಮುಗದ ಮುಟ್ಟತೀನಿ,” ಎಂದು ನಕ್ಕಿದ್ದರು. ಇದು ಉತ್ತರವಲ್ಲ ಎಂದು ವಸಂತಲಕ್ಷ್ಮಿಗೆ ಅನ್ನಿಸಿತ್ತು. ಉತ್ತರ ಸಿಕ್ಕಿತು ಎಂದೂ ಅನ್ನಿಸಿತ್ತು. ಅಂದಿನಿಂದ ಸ್ವಪ್ನಾ ತಂದ ಎಣ್ಣೆಗಾಯಿಯ ಮುಂದೆ ಬಂದಾಗಲೆಲ್ಲ ಅವರಿಗೆ ಡಯಟ್ ಇರುತ್ತದೆ.

ಶನಿವಾರ ಹನ್ನೆರಡು ಗಂಟೆಗೆ ಕನ್ನಡ ಕ್ಲಾಸು ಬಿಡುವ ಹೊತ್ತು. ಕಾರು ನಿಲ್ಲಿಸುವ ಜಾಗದಲ್ಲಿ ಚನ್ನವೀರ ಮತ್ತು ಸ್ವಪ್ನಾ ಬಿಸಿಲಿಗೆ ಮುಖ ಮಾಡಿ ನಿಂತಿದ್ದರು. ವಸಂತಲಕ್ಷ್ಮಿ ಹವಾಮಾನದಿಂದ ಶುರು ಮಾಡಿ, ಹೈವೇ ರಿಪೇರಿಯನ್ನು ದಾಟಿ, ಪ್ರದರ್ಶನಕ್ಕೆ ಬಂದರು. ಮೈತ್ರಿಗೆ ಮಾಸ್ತರನ ಮಗಳಾಗಲು ತುಂಬಾ ಆಸೆ ಎಂದರು. ಇದು ನಿಜವಲ್ಲ.

“ನಿಮ್ ಅನುಷಾಗೆ ಆ ಟ್ಯಾನರ್ ರೋಲು ತುಂಬಾ ಸೂಟ್ ಆಗತ್ತೆ ಅನ್ಸತ್ತೆ ಸ್ವಪ್ನಾ. ಎಕ್ಸ್‌ಚೇಂಜ್ ಮಾಡ್ಕೊಂಡ್ರೆ ಹೇಗೆ?”

“ಹೌದಾ,” ಎಂದರು ಸ್ವಪ್ನಾ. “ಹೆಂಗ ಸೂಟ್ ಆಗತೈತ್ರಿ?”

ಹತ್ತೊಂಬತ್ತನೇ ಮಹಡಿಯಲ್ಲಿ ಹದಿನೇಳು ವರ್ಷ ಯಾರೂ ಕೇಳದ ರೀತಿಯ ಪ್ರಶ್ನೆ ಅದು. “ಅವಳು ತುಂಬಾ ಹ್ಯಾಂಡ್ಸ್-ಆನ್ ಅಲ್ವಾ,” ಎಂದರು ವಸಂತಲಕ್ಷ್ಮಿ.

ಸ್ವಪ್ನಾ ಗಂಡನ ಮುಖ ನೋಡಿದರು. ಚನ್ನವೀರ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಪರೀಕ್ಷೆಯಲ್ಲಿ ಫೇಲಾದ ಬಿಡಿಭಾಗದ ಬಗ್ಗೆ ಸಪ್ಲೈಯರ್‌ಗೆ ಹೇಳುವ ಧ್ವನಿಯಲ್ಲಿ ಮಾತಾಡಿದರು.

“ಬ್ಯಾಡ್ರಿ ಮೇಡಂ. ನಮ್ಮ ದ್ಯಾಮವ್ವಜ್ಜಿ ಎಂಟ ವರ್ಷದಾಕಿ ಇದ್ದಾಗ ಈ ಕೆಲಸ ಮಾಡ್ಯಾಳ. ಡ್ರೆಸ್ ಹಾಕ್ಕೊಂಡಲ್ಲ, ಖರೇನ. ನಮ್ಮನ್ಯಾಗ ಇದು ಆಗಿ ಹೋಗೇತಿ. ನಮ್ಮ ಹುಡುಗಿ ಮಾಸ್ತರನ ಮಗಳ ಆಗಿರ್ಲಿ.”

ಇಷ್ಟನ್ನು ಚನ್ನವೀರ ಬಾಥೆಲ್‌ನಲ್ಲಿ ಯಾರಿಗೂ ಹೇಳಿರಲಿಲ್ಲ. ವಸಂತಲಕ್ಷ್ಮಿ ಅಯ್ಯೋ ನಾನು ಆ ಅರ್ಥದಲ್ಲಿ ಹೇಳಲಿಲ್ಲ ಎಂದರು. ಯಾವ ಅರ್ಥ ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಕ್ಲಾಸು ಬಿಟ್ಟು ಇಬ್ಬರು ಹುಡುಗಿಯರೂ ಪಕ್ಕಕ್ಕೆ ಬಂದು ನಿಂತಿದ್ದರು. ಕನ್ನಡ ಮಾತಾಡದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ ಎಂಬುದನ್ನು ಇಲ್ಲಿನ ತಾಯಂದಿರು ಮರೆಯುತ್ತಾರೆ. ಮೈತ್ರಿ ಚನ್ನವೀರರನ್ನು ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ ಕೇಳಿದಳು. ಆ ಅಜ್ಜಿ ಈಗಲೂ ಇದ್ದಾರೆಯೇ? ಪ್ರಾಜೆಕ್ಟಿಗೆ ಅವರನ್ನು ಮಾತಾಡಿಸಬಹುದೇ?

ಅಜ್ಜಿ ಇದ್ದರು. ತೊಂಬತ್ತು ವರ್ಷ. ಗದಗಿನಲ್ಲಿ ಕಿರಿಯ ಮಗನ ಮನೆಯಲ್ಲಿ, ನಾಲ್ಕು ಮರಿಮಕ್ಕಳ ನಡುವೆ, ಟಿವಿಯ ರಿಮೋಟು ಯಾರಿಗೂ ಕೊಡದೆ ಇದ್ದರು.

ಭಾನುವಾರ ಸಂಜೆ ಏಳೂವರೆಗೆ, ಅಂದರೆ ಗದಗಿನಲ್ಲಿ ಸೋಮವಾರ ಬೆಳಗ್ಗೆ ಎಂಟಕ್ಕೆ, ವಸಂತಲಕ್ಷ್ಮಿಯವರ ಇಟಲಿಯ ಸೋಫಾದ ಮೇಲೆ ಮೈತ್ರಿ, ಅನುಷಾ ಇಬ್ಬರೂ ಫೋನು ಮುಂದಿಟ್ಟುಕೊಂಡು ಕುಳಿತರು. ಬೇಡವೆನ್ನಲು ವಸಂತಲಕ್ಷ್ಮಿಗೆ ಹೇಳಬಹುದಾದ ಕಾರಣ ಸಿಕ್ಕಿರಲಿಲ್ಲ. ಅಡುಗೆಮನೆಯಲ್ಲಿ ಅವರು ಆಗಲೇ ಒರೆಸಿದ ಕಟ್ಟೆಯನ್ನು ಮತ್ತೆ ಒರೆಸುತ್ತಿದ್ದರು. ಅಜ್ಜಿಯ ಮಾತು ಮೈತ್ರಿಗೆ ಅರ್ಧದಷ್ಟೂ ತಿಳಿಯುತ್ತಿರಲಿಲ್ಲ, ಅನುಷಾ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು.

ದ್ಯಾಮವ್ವ ಹೇಳಿದ್ದು 1943ರ ಸುಮಾರಿನ ಮಾತು. ಊರು ಆಗ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು. ಕೋಳಿ ಕೂಗುವಾಗ ಎದ್ದು ಅವ್ವನ ಜೊತೆ ಹೊಲದ ಬದುವಿಗೆ ಹೋಗುವುದು, ತಂಗಡಿ, ಅಂದರೆ ಆವರಿಕೆ ಗಿಡದ ತೊಗಟೆ ಸುಲಿದು ಬುಟ್ಟಿಯಲ್ಲಿ ತರುವುದು, ಜಜ್ಜುವುದು, ಗುಂಡಿಗೆ ಹಾಕುವುದು. ಸುಣ್ಣಕ್ಕೆ ಬೆರಳ ಸಂದು ಹರಿಯುತ್ತಿತ್ತು. ಸಾಲಿಗೆ, ಅಂದರೆ ಶಾಲೆಗೆ, ಹೋಗಿದ್ದು ಹನ್ನೊಂದು ದಿನ. ಕೂರುತ್ತಿದ್ದದ್ದು ಹೊರಗಿನ ಕಟ್ಟೆಯ ಮೇಲೆ.

“ಮಾಸ್ತರ ನನ್ನ ಪಾಟಿ ಮುಟ್ಟತಿದ್ದಿಲ್ಲ. ಕೋಲಿನ ತುದೀಲೆ, ಇದು ತಪ್ಪು, ಇದು ತಪ್ಪು ಅಂತಿದ್ದ. ಎಲ್ಲಾ ತಪ್ಪ ಇದ್ವು ಬಿಡು, ಅದೇನ ಸುಳ್ಳಲ್ಲ,” ಎಂದು ದ್ಯಾಮವ್ವ ನಕ್ಕರು.

ಆಮೇಲೆ ಅವರೇ ಪ್ರಶ್ನೆ ಕೇಳಲು ಶುರು ಮಾಡಿದರು. ಅಮೆರಿಕದ ಸಾಲಿಯಲ್ಲಿ ಇದನ್ನು ಯಾಕೆ ಕಲಿಸುತ್ತಾರೆ? ನಾತ ಹೇಗೆ ತಡೆಯುತ್ತೀರಿ? ಬಟ್ಟೆಯ ಚರ್ಮ ಬಳಸುತ್ತೇವೆ, ನಾತ ಇರುವುದಿಲ್ಲ ಎಂದು ಅನುಷಾ ಹೇಳಿದಳು. “ಹಂಗಾದ್ರ ಅದು ಹದಕ್ಕ ಬರೂದಿಲ್ಲ ಬಿಡವ್ವಾ,” ಎಂದರು ದ್ಯಾಮವ್ವ. ಮೈತ್ರಿ ಬರೆದುಕೊಂಡಳು. ತನ್ನ ಅಮ್ಮನಿಗೆ ತಾನು ಈ ಪಾತ್ರ ಮಾಡುವುದು ಇಷ್ಟವಿಲ್ಲ ಎಂದೂ ಅವಳು ಮಾತಿನ ಭರದಲ್ಲಿ ಹೇಳಿಬಿಟ್ಟಳು. ಅನುಷಾ ಅದನ್ನೂ ಕನ್ನಡಕ್ಕೆ ತಿರುಗಿಸಿದಳು.

“ನಿಮ್ಮವ್ವ ಅದಾಳೇನು? ಕರಿ,” ಎಂದರು ದ್ಯಾಮವ್ವ.

ವಸಂತಲಕ್ಷ್ಮಿ ಕೈ ಒರೆಸಿಕೊಂಡು ಬಂದು ಫೋನಿನ ಎದುರು ಬಗ್ಗಿ ನಮಸ್ಕಾರ ಎಂದರು. ತೆರೆಯ ತುಂಬ ದ್ಯಾಮವ್ವನ ಹಣೆ ಮತ್ತು ಒಂದು ಕಣ್ಣು ಕಾಣುತ್ತಿತ್ತು.

“ಮಗಳಿಗೆ ಈ ಕೆಲಸ ಬ್ಯಾಡ ಅಂದಿಯಂತಲ್ಲ. ಶಾಣೇಕಿ ಅದಿ ನೋಡವ್ವಾ. ನಾನೂ ನನ್ನ ಮಕ್ಕಳಿಗೆ ಬ್ಯಾಡಂದೆ. ಯಾವ ತಾಯಿ ಹೂಂ ಅಂತಾಳ?”

ವಸಂತಲಕ್ಷ್ಮಿ ಹೌದು ಅಜ್ಜಿ ಎಂದರು. ಊಟ ಆಯಿತೇ ಎಂದು ಕೇಳಿದರು. ಗದಗಿನಲ್ಲಿ ಬೆಳಗಿನ ಎಂಟು ಗಂಟೆ. ದ್ಯಾಮವ್ವ ಚಹಾ ಆಯಿತು ಎಂದರು.

ಆ ರಾತ್ರಿ ಮನೆಯಲ್ಲಿ ಜಗಳವೂ ಆಗಲಿಲ್ಲ, ಮನಪರಿವರ್ತನೆಯೂ ಆಗಲಿಲ್ಲ. ಸೋಮವಾರ ಬೆಳಗ್ಗೆ ಎಂಟಕ್ಕೆ ವಸಂತಲಕ್ಷ್ಮಿ ಪ್ರದರ್ಶನದ ದಿನ ಮೈತ್ರಿಯನ್ನು ಪೋರ್ಟ್‌ಲ್ಯಾಂಡಿಗೆ ಕರೆದುಕೊಂಡು ಹೋದರೆ ಹೇಗೆ ಎಂದು ಗಣಪತಿಯವರನ್ನು ಕೇಳಿದರು. ಗಣಪತಿಗೆ ಆ ವಾರ ಸಾಫ್ಟ್‌ವೇರ್ ರಿಲೀಸ್ ಇತ್ತು. ಒಂಬತ್ತಕ್ಕೆ ಮೈತ್ರಿ ಸಹಿ ಇಲ್ಲದ ಚೀಟಿಯನ್ನು ಮತ್ತೆ ಮುಂದಿನ ಸೀಟಿಗೆ ಚಾಚಿದಳು. ಕಾರು ಸಾಲಿನಲ್ಲಿ ಮೂರನೆಯದಾಗಿತ್ತು, ಹಿಂದೆ ಶ್ರೀವಿದ್ಯಾರ ಕಾರು ಇತ್ತು. ಹಾರ್ನ್ ಬೀಳುವ ಮೊದಲೇ ವಸಂತಲಕ್ಷ್ಮಿ ಸಹಿ ಹಾಕಿದರು.

ಸಂಜೆ ಮಿಸ್ ಹಾಲ್‌ಬ್ರೂಕ್‌ರ ಇಮೇಲ್ ಬಂತು. ಸಹಾಯಕ್ಕೆ ಬರುತ್ತೇನೆಂದದ್ದಕ್ಕೆ ಕೃತಜ್ಞತೆ. ಮೈತ್ರಿ ಒಬ್ಬ ಅಜ್ಜಿಯನ್ನು ಮಾತಾಡಿಸಿ ಬರೆದದ್ದನ್ನು ಓದಿ ತಮಗೆ ಮಾತೇ ಹೊರಡಲಿಲ್ಲ. ಆ ಮಾತುಕತೆಗೆ ಮನೆಯಲ್ಲಿ ಅವಕಾಶ ಮಾಡಿಕೊಟ್ಟ ತಾಯಿಗೆ ಬೇರೆ ಮೇಜು ಕೊಡುವುದು ಸರಿಯಲ್ಲ ಅನ್ನಿಸಿತು. ಆದ್ದರಿಂದ ವಸಂತಲಕ್ಷ್ಮಿಗೆ ಏಳನೇ ಮೇಜು, ಹದಗಾರನ ಅಂಗಡಿ. ಮಕ್ಕಳು ಮಾತಾಡುವಾಗ ಹದಗಾರನಾಗಿ ಹಿಂದೆ ನಿಂತು, ಫೆಲ್ಟಿನ ತೊಗಲನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಬೇಕು.

ಪ್ರದರ್ಶನ ಈ ಶುಕ್ರವಾರ. ವಸಂತಲಕ್ಷ್ಮಿಯವರ ಆಫೀಸಿನ ಕ್ಯಾಲೆಂಡರಿನಲ್ಲಿ ಆ ಬೆಳಗಿನ ರಜೆಗೆ ಕಾರಣ ಹಲ್ಲಿನ ಡಾಕ್ಟರ್ ಎಂದು ಗುರುತು ಹಾಕಿದೆ. ಏಪ್ರನ್ ಶಾಲೆಯವರೇ ಕೊಡುತ್ತಾರೆ. ಏಳನೇ ಮೇಜಿನ ಫೋಟೋ ಹತ್ತೂ ಕಾಲಿಗೆ.